ನಡುವಿನ ಗೆರೆಯ ಮೇಲೊಂದು ಮನೆ

ಅದು ಶನಿವಾರ ಬೆಳಿಗ್ಗೆ. ಶನಿವಾರ ಎಂದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಇಬ್ಬರೂ ಮನೆಯಲ್ಲಿದ್ದೆವು, ಹಾಗಾಗಿ ಶನಿವಾರ. ಪರದೇಶದ ಈ ಊರಿನ ಮೆಡೋವೇಲ್ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದ ಬೇಸ್‌ಮೆಂಟಿನಲ್ಲಿ, ಒಲೆಯ ಪಕ್ಕದ ಸಣ್ಣ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೋಡ್ ಬರೆಯುತ್ತಿದ್ದೆ. ಹೆಂಡತಿ ಚಹಾ ಕುದಿಸುತ್ತಿದ್ದಳು. ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು ಎಂದು ಬರೆಯಲು ಕೈ ಓಡುತ್ತಿದೆ. ತಡೆಯುತ್ತೇನೆ. ನೆನಪಿಲ್ಲ.

ನೆನಪಿರುವುದು ಇಷ್ಟು. ನನ್ನ ಆಫೀಸು ಆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅವಳದು ಯೂನಿಯನ್‌ವಿಲ್‌ನಲ್ಲಿ, ಊರಿನ ಇನ್ನೊಂದು ತುದಿ. ಮೂರು ಚಳಿಗಾಲ ಅವಳು ದಿನಾ ಕಾರಿನಲ್ಲಿ ಹೋಗಿ ಬಂದಿದ್ದಳು. ಆ ವಾರ ತನ್ನ ಆಫೀಸಿನ ಹತ್ತಿರ ಒಂದು ರೂಮು ನೋಡಿ ಬಂದಿದ್ದಳು: ವಾರವೆಲ್ಲ ಅಲ್ಲಿ, ರಜೆಯ ಎರಡು ದಿನ ಇಲ್ಲಿ. ರೂಮಿನವರಿಗೆ ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಗಂಡ ಹೆಂಡತಿ ಹಾಗೆ ಬೇರೆ ಬೇರೆ ಇರುವುದು ನನಗೆ ಬೇಡವಾಗಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳುವ ಬದಲು ಲೆಕ್ಕ ಹಾಕಲು ಕೂತೆ.

ಲೆಕ್ಕ ಸುಲಭ. ಎರಡು ಜಾಗಗಳ ಅಕ್ಷಾಂಶ, ರೇಖಾಂಶ ಕೊಟ್ಟರೆ ದುಂಡನೆಯ ಭೂಮಿಯ ಮೇಲೆ ಅವುಗಳ ನಡುವೆ ಎಷ್ಟು ದೂರ ಎಂದು ಹೇಳುವ ಸೂತ್ರ ಇದೆ. ಒಂದಿಷ್ಟು ಸೈನು, ಕೊಸೈನು, ನಾಲ್ಕಾರು ಸಾಲು ಕೋಡು. ಎರಡು ಆಫೀಸುಗಳ ನಡುವಿನ ದಾರಿಯಲ್ಲಿ ಬಾಡಿಗೆಗಿರುವ ಒಂದೊಂದು ಮನೆಯಿಂದಲೂ ನನ್ನ ಆಫೀಸಿಗೆ ಎಷ್ಟು, ಅವಳ ಆಫೀಸಿಗೆ ಎಷ್ಟು, ಎರಡನ್ನೂ ಕೂಡಿಸು. ಯಾವುದರ ಮೊತ್ತ ಕಡಿಮೆಯೋ ಅದೇ ನಮ್ಮ ಮನೆ. ಜಗಳಕ್ಕೆ ಜಾಗವೇ ಇಲ್ಲ.

ಮೊದಲ ಸಲ ಓಡಿಸಿದಾಗ ಎಲ್ಲ ಮನೆಗಳ ಮೊತ್ತವೂ ಹತ್ತು ಸಾವಿರ ಕಿಲೋಮೀಟರ್ ದಾಟಿತ್ತು.

"ಎಲ್ಲಿ ಹುಡುಕಾಕತ್ತೀರಿ ಮನಿ?" ಅವಳು ಹಿಂದೆ ಬಂದು ನಿಂತಿದ್ದಳು.

ಅವಳ ಆಫೀಸಿನ ರೇಖಾಂಶಕ್ಕೆ ಮೈನಸ್ ಹಾಕಿರಲಿಲ್ಲ. ಧಾರವಾಡದಲ್ಲಿ ಕಲಿತವನಿಗೆ ರೇಖಾಂಶ ಅಂದರೆ ಬರೀ ಸಂಖ್ಯೆ. ನಮ್ಮದು ಪೂರ್ವ, ಅಲ್ಲಿ ಮೈನಸ್ ಬೇಕಾಗುವುದಿಲ್ಲ. ಇಲ್ಲಿ ಪಶ್ಚಿಮ, ಮೈನಸ್ ಬೇಕು. ಆ ಸಣ್ಣ ಗೆರೆ ಬಿಟ್ಟರೆ ಯೂನಿಯನ್‌ವಿಲ್ ಹೋಗಿ ಕಝಾಕಸ್ತಾನದಲ್ಲಿ ಕೂರುತ್ತದೆ.

"ನಿಮ್ಮ ಆಫೀಸಿಗೆ ಹಾಕೀರಲ್ಲ ಮೈನಸ್."

"ಮರ್ತೆ."

"ಮರೀತೀರಿ ಬಿಡ್ರಿ ಸಾಹೇಬ್ರ. ನಂದಷ್ಟ ಮರೀತೀರಿ."

ನಗುತ್ತ ಅಂದಳೇ? ಇದನ್ನು ಒಂದು ಸಲ ಬರೆದಾಗ ಅವಳನ್ನು ನಗಿಸಿದ್ದೆ. ಇನ್ನೊಂದು ಸಲ ಚಹಾದ ಲೋಟ ಕುಕ್ಕಿಸಿದ್ದೆ. ಎರಡೂ ಚೆನ್ನಾಗಿ ಹೊಂದುತ್ತವೆ, ಅದಕ್ಕೇ ಎರಡನ್ನೂ ನಂಬುವುದಿಲ್ಲ.

ಮೈನಸ್ ಹಾಕಿ ಮತ್ತೆ ಓಡಿಸಿದೆ. ಈಗ ಮನೆ ಮನೆಗೂ ಹೆಚ್ಚುಕಡಿಮೆ ಒಂದೇ ಉತ್ತರ: ನಲವತ್ತಾರು ಚಿಲ್ಲರೆ. ಕೋಡು ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಎರಡು ಆಫೀಸುಗಳ ನಡುವೆ ನೇರ ಗೆರೆ ಎಳೆದರೆ, ಅದರ ಮೇಲೆ ಎಲ್ಲಿ ನಿಂತರೂ ಎರಡು ದೂರ ಸೇರಿ ಅಷ್ಟೇ ಆಗುತ್ತದೆ. ಈ ಕಡೆ ಕಡಿಮೆಯಾದಷ್ಟು ಆ ಕಡೆ ಹೆಚ್ಚುತ್ತದೆ. ಇದಕ್ಕೆ ಸೈನೂ ಬೇಕಿರಲಿಲ್ಲ, ಒಂದು ದಾರ ಸಾಕಿತ್ತು. ನಾವು ಕೂತಿದ್ದ ಬೇಸ್‌ಮೆಂಟಿಗೂ ನಲವತ್ತಾರು ಚಿಲ್ಲರೆ.

"ಎಲ್ಲಾ ಒಂದೇ ಬರಾಕತ್ತೈತಿ," ಎಂದೆ. "ಹಂಗಾದ್ರ ಇಲ್ಲೇ..."

ಆ ಮಾತನ್ನು ಮುಗಿಸಲಿಲ್ಲ ಎಂದು ನನ್ನ ನೆನಪು. ಮುಗಿಸಿದ್ರಿ ಎಂದು ಅವಳು ಈಗಲೂ ಹೇಳುತ್ತಾಳೆ.

ಅವಳು ಬಗ್ಗಿ ಪರದೆಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. "ಇದಕ್ಕೂ ಅಷ್ಟ ಬಂದೈತಿ ನೋಡ್ರಿ."

ಅದೊಂದು ಟೌನ್‌ಹೌಸು, ಗೋಡೆಗೆ ಗೋಡೆ ತಾಗಿದ ಸಾಲುಮನೆಗಳಲ್ಲಿ ಒಂದು. "ಅದು ನಿನ್ನ ಆಫೀಸಿನ ಬೆನ್ನಿಗೇ ಐತಲ್ಲ!"

"ಐತಿ. ಎಲ್ಲಾ ಒಂದೇ ಅಂದವರು ನೀವು, ನಾ ಅಲ್ಲ."

"ಇದು ಬರೇ ನೇರ ಗೆರಿ. ರಸ್ತಾ ಹಿಂಗ ಇರೂದಿಲ್ಲ. ಟ್ರಾಫಿಕ್ ಬ್ಯಾರೆ..."

"ಟ್ರಾಫಿಕ್ ಐತಿ?" ಎಂದಳು. "ಯಾವಾಗಿಂದ?"

ಆಮೇಲೆ ಫೋನ್ ತೆಗೆದು, ರೂಮಿನವರ ನಂಬರು ತೆರೆದು ಹಿಡಿದುಕೊಂಡಳು. "ಹೂಂ ಅನ್ಲೋ, ಬ್ಯಾಡ ಅನ್ಲೋ? ಬೇಗ ಹೇಳ್ರಿ."

ಇನ್ನೊಂದು ಲೆಕ್ಕ ಇತ್ತು. ಮೊತ್ತವನ್ನು ಬಿಟ್ಟು, ಇಬ್ಬರಲ್ಲಿ ಯಾರಿಗೆ ಹೆಚ್ಚು ದೂರವೋ ಅದನ್ನೇ ಆದಷ್ಟು ಕಡಿಮೆ ಮಾಡು ಎಂದಿದ್ದರೆ ಮನೆ ನಟ್ಟನಡುವೆ ಬೀಳುತ್ತಿತ್ತು. ಒಂದೇ ಸಾಲು ಬದಲಿಸಬೇಕು. ಬೆರಳು ಕೀಲಿಗಳ ಮೇಲೇ ಇತ್ತು. ಆದರೆ ಮೂರು ಚಳಿಗಾಲ ಹೊಳೆಯದ ಸಾಲು ನನ್ನ ಸರದಿ ಬಂದ ಕೂಡಲೇ ಹೊಳೆಯಿತು ಎಂದು ಹೇಳಲು ಮುಖ ಬೇಕಲ್ಲ.

"ಬ್ಯಾಡ ಅನ್ನು," ಎಂದೆ.

ಅವಳು ಕೂಡಲೇ ಫೋನ್ ಮಾಡದೆ ಆ ಟೌನ್‌ಹೌಸಿನ ಸಾಲು ತೋರಿಸಿದಳು. "ನೀವು ಬರ್ತೀರಿ ಅಲ್ಲಿಗೆ?"

"ಬರ್ತೀನಿ."

"ನಾಕ್ ದಿನ ಬಂದು ಕೊಸರಾಡಬಾರದು ಮತ್ತ."

"ಕೊಸರಾಡ್ತೀನಿ. ಆದ್ರೂ ಬರ್ತೀನಿ."

ಈಗ ಅದೇ ಟೌನ್‌ಹೌಸಿನಲ್ಲಿದ್ದೇವೆ. ಬೆಳಿಗ್ಗೆ ನಾನು ಹೊರಡುವಾಗ ಅವಳು ಮಲಗಿರುತ್ತಾಳೆ. ಅಲಾರಂ ಕೂಗುವುದರೊಳಗೆ ಆರಿಸುತ್ತೇನೆ. ದೀಪ ಹಾಕದೆ ಜಾಕೆಟ್ಟು ತಡಕುತ್ತೇನೆ. ಜಿಪ್ಪು ಎಳೆಯುವುದು ಹೊರಗೆ ಬಂದ ಮೇಲೆ. ಕಾರಿನ ಗಾಜಿನ ಮೇಲೆ ಗಟ್ಟಿಯಾದ ಹಿಮ ಕೆರೆದು, ಹೈವೇ ಸೇರಿ, ಮುಂದಿನ ಕಾರಿನ ಬ್ರೇಕ್ ದೀಪ ನೋಡುತ್ತ ಕೂರುತ್ತೇನೆ. ಆಗ ಅವಳು ಮೆಡೋವೇಲಿನಿಂದ ಹೇಗೆ ಹೊರಡುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ದೀಪ ಹಾಕುತ್ತಿದ್ದಳೇ, ಏನಾದರೂ ತಿನ್ನುತ್ತಿದ್ದಳೇ, ಬಾಗಿಲು ಹೇಗೆ ಎಳೆದುಕೊಳ್ಳುತ್ತಿದ್ದಳು. ಏನೂ ಬರುವುದಿಲ್ಲ. ಇದೊಂದರಲ್ಲಿ ನೆನಪನ್ನು ದೂರುವಂತಿಲ್ಲ. ನಾನು ನಿದ್ದೆಯಲ್ಲಿದ್ದೆ.