ಬಿಟ್ಟ ಗೆರೆ

ನಾನು ಓದಿದ್ದು ಐದನೇ ಕ್ಲಾಸಿನವರೆಗೆ. ಅಕ್ಷರ ಚಂದ ಇದ್ದುದರಿಂದ, ಜಾಲ್ಸೂರಿನ ನಮ್ಮ ಅಂಗಡಿಗೆ ಪುತ್ತೂರಿನಿಂದ ತರಿಸುವ ಸಾಮಾನಿನ ಚೀಟಿ ಬರೆಯುವ ಕೆಲಸ ನನ್ನದಾಗಿತ್ತು. ಅಪ್ಪ ಒರಟು ಕಾಗದದಲ್ಲಿ ಪ್ರತಿ ಸಾಮಾನಿನ ಮೊದಲು ಒಂದು ಚಿಕ್ಕ ಅಡ್ಡಗೆರೆ ಎಳೆಯುತ್ತಿದ್ದರು. ಶುದ್ಧ ಪ್ರತಿಯಲ್ಲಿ ಆ ಗೆರೆಗಳನ್ನು ಬಿಡುವುದು ನಮ್ಮಲ್ಲಿ ರೂಢಿ.

ಉಪಗ್ರಹ ಹಾರಿಸಿದ ಸುದ್ದಿ ಪೇಪರಿನಲ್ಲಿ ಬರುತ್ತಿದ್ದ ಕಾಲ. ಪುತ್ತೂರಿನಲ್ಲಿ ಕಾಲೇಜು ಓದುತ್ತಿದ್ದ ತಮ್ಮನ ತರಗತಿಗೆ ಮೇಷ್ಟ್ರು ಒಂದು ಪ್ರಶ್ನೆ ಕೊಟ್ಟರು: ನೆಲದಿಂದ ಎಸೆದ ಕಲ್ಲು ಮತ್ತೆ ಬೀಳದಿರಲು ಎಷ್ಟು ವೇಗ ಬೇಕು? ಚೆನ್ನಾಗಿ ಬರೆದವನಿಗೆ ಮಂಗಳೂರಿನಲ್ಲಿ ಮುಂದೆ ಓದಲು ಸೀಟು ಕೊಡಿಸುತ್ತೇನೆ ಎಂದಿದ್ದರು. ಸಿಗದಿದ್ದರೆ ಅಂಗಡಿಯಲ್ಲಿ ಕೂರಬೇಕೆಂದು ಅಪ್ಪ ಹೇಳಿಯಾಗಿತ್ತು.

ಪೆನ್ಸಿಲಿನಲ್ಲಿ ಲೆಕ್ಕ ಮುಗಿಸಿದ ಮೇಲೆ ತಮ್ಮನ ಬಲಗೈಗೆ ಕತ್ತಿ ತಾಗಿತು. ಹಾಳೆ ನನ್ನ ಮುಂದಿಟ್ಟ.

"ಅಕ್ಕ, ಇದ್ದ ಹಾಗೆ ಬರಿ. ನಿನ್ನ ಬುದ್ಧಿ ಹಾಕ್ಬೇಡ."

"ಇದಕ್ಕೆ ಹಾಕ್ಲಿಕ್ಕೆ ನನ್ನ ಹತ್ರ ಬುದ್ಧಿ ಎಲ್ಲುಂಟು ಮಾರಾಯ."

ನೆಲದ ಮೇಲಿರುವ ಕಲ್ಲಿನ ಶಕ್ತಿ ಎಂದು ಬರೆದ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಮೊದಲು ಒಂದು ಚಿಕ್ಕ ಅಡ್ಡಗೆರೆ ಇತ್ತು. ಪೆನ್ನು ನಿಂತಿತು. ತಮ್ಮ ಅಂಗಳದಲ್ಲೇ ಇದ್ದ. ಬುದ್ಧಿ ಹಾಕಬೇಡ ಎಂದವನನ್ನು ಕೇಳುವುದೆಂತಕ್ಕೆ ಎನಿಸಿ, ಅಂಗಡಿ ಚೀಟಿಯ ರೂಢಿಯಂತೆ ಗೆರೆ ಬಿಟ್ಟೆ. ಬಸ್ಸಿನ ಹಾರನ್ ಕೇಳಿ ಅವನು ಹಾಳೆ ಮಡಚಿಕೊಂಡು ಓಡಿದ.

ಒಂದು ವಾರದ ಮೇಲೆ ಸಪ್ಪೆ ಮುಖ ಮಾಡಿಕೊಂಡು ಬಂದ. "ಎರಡು ಕೂಡಿಸಿದ್ರೆ ಸೊನ್ನೆ ಬರುದು ಯಾವ ಅಂಗಡಿಯ ಲೆಕ್ಕ ಅಂತ ಮೇಷ್ಟ್ರು ಕೇಳಿದ್ರು. ಎಲ್ಲ ನಗಾಡಿದ್ರು. ಮೈನಸ್ ಗೆರೆ ಎಳೀಲಿಕ್ಕೆ ನಾನೇ ಮರೆತೆನಾ ಅಂತ ಸಂಶಯ. ಆ ಪೆನ್ಸಿಲಿನ ಹಾಳೆ ಎಲ್ಲುಂಟು?"

"ಒಲೆಗೆ ಹಾಕಿದೆ," ಎಂದೆ. ಹಾಳೆ ನನ್ನ ಸೀರೆಗಳ ಅಡಿಯಲ್ಲಿತ್ತು.

ಸೀಟು ಬೇರೆಯವನಿಗೆ ಹೋಯಿತು. ತಮ್ಮ ತಕ್ಕಡಿ ಹಿಡಿದ. ಆ ಮಳೆಗಾಲ ಪೂರ್ತಿ ನಾನು ಸುಮ್ಮನಿದ್ದೆ. ಗೆರೆ ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು ಅದು.

ಗೆರೆ ಎಂತಕ್ಕೆ ಎಂದು ಒಮ್ಮೆ ಬಾವಿಕಟ್ಟೆಯಲ್ಲಿ ತಮ್ಮನನ್ನು ಕೇಳಿದೆ. "ಕಟ್ಟೆಯನ್ನು ಸೊನ್ನೆ ಅಂತ ಇಟ್ರೆ ಬಾವಿಯ ಅಡಿಯಲ್ಲಿರುವ ಕೊಡ ಸೊನ್ನೆಗಿಂತ ಕೆಳಗೆ ಅಲ್ವಾ? ಭೂಮಿಯ ಮೇಲಿನ ಕಲ್ಲೂ ಹಾಗೇ. ಆ ಕೆಳಗಿನದ್ದನ್ನು ಎಸೆತದ ಶಕ್ತಿ ಸರಿಯಾಗಿ ತುಂಬಿದ್ರೆ ಒಟ್ಟು ಸೊನ್ನೆ. ಅಷ್ಟಾದ್ರೆ ಕಲ್ಲು ತಿರುಗಿ ಬರುದಿಲ್ಲ." ಹೇಳುವಾಗ ಅವನ ಮುಖದಲ್ಲಿ ಬಹಳ ದಿನದ ಮೇಲೆ ಬೆಳಕು ಕಂಡಿತು. ಅಲ್ಲಿಯೇ ನಿರ್ಧಾರ ಮಾಡಿದೆ.

ಮರುದಿನ ಹಾಳೆ ಹಿಡಿದು ಒಬ್ಬಳೇ ಪುತ್ತೂರಿನ ಬಸ್ಸು ಹತ್ತಿದೆ. ಮೇಷ್ಟ್ರು ಓದಿ, "ಸೀಟು ಹೋಗಿ ಆಯ್ತಲ್ಲಮ್ಮ," ಎಂದರು.

"ಸೀಟಿಗೆ ಬಂದದ್ದಲ್ಲ. ಅವನು ಬರೆದದ್ದು ಸರಿ ಅಂತ ಇದರ ಮೇಲೆ ಬರೆದು ಕೊಡಿ. ತಪ್ಪು ನನ್ನದು."

ಅವರು ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದು ಸಹಿ ಹಾಕಿದರು. ಸಂಜೆ ಅಂಗಡಿಯಲ್ಲಿ ಹಾಳೆಯನ್ನು ತಮ್ಮನ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಪೆನ್ಸಿಲಿನ ಆ ಗೆರೆಯ ಮೇಲೆ ಬೆರಳಿಟ್ಟು, "ನಾನು ಎಳೆದಿದ್ದೆ," ಎಂದ.