ತೊಳೆದ ಬಂಪರ್

ಗೆಳೆಯರೇ, ಇವತ್ತು ತಂಗಿಯ ಡಿಜಿಟಲ್ ಕ್ಯಾಮೆರಾ ಹಿಡಿದು ಒಬ್ಬಳೇ ಠಾಣೆಗೆ ಹೋಗಿದ್ದೆ. ಯಲ್ಲದಕೆರೆ ದಾರಿಯಲ್ಲಿ ನಮ್ಮೆಜಮಾನರಿಗೆ ಗುದ್ದಿದ ಲಾರಿ ಠಾಣೆ ಅಂಗಳದಲ್ಲೇ ನಿಂತಿದೆ. "ಬಂಪರಿಗೆ ಅವರ ಸ್ಕೂಟರಿನ ನೀಲಿ ಬಣ್ಣ ಮೆತ್ತಿರುತ್ತೆ, ಫೋಟೋ ತಗೊಂಡು ಬನ್ನಿ, ಕೇಸಿಗೆ ಬೇಕು" ಅಂದಿದ್ದರು ವಕೀಲರು.

ನೋಡಿದರೆ ಬಂಪರ್ ಫಳಫಳ ಹೊಳೀತಿದೆ. ಚೆಂಡುಹೂವಿನ ಹಾರ ಬೇರೆ, ಅಂಗೈ ಅಗಲ ಕುಂಕುಮ.

"ಬಣ್ಣ ಎಲ್ಲಿ ಹೋಯ್ತು ಸಾರ್?" ಅಂದೆ.

"ಆಯುಧಪೂಜೆ ಐತಲ್ಲಮ್ಮ, ಓನರ್ ಕಡೆಯೋರು ಬಂದು ಉಜ್ಜಿ ತೊಳ್ದು ಪೂಜೆ ಮಾಡಿದ್ರು. ದೇವ್ರ ಕೆಲ್ಸ, ಬ್ಯಾಡ ಅನ್ನಕ್ಕಾಗುತ್ತಾ?" ಅಂದರು ಪೇದೆ.

ಗೋಡೆ ಪಕ್ಕ ನುಜ್ಜುಗುಜ್ಜಾಗಿ ಬಿದ್ದಿದ್ದ ಇವರ ಸ್ಕೂಟರಿಗೆ ಒಂದು ಎಸಳು ಹೂವೂ ಇರಲಿಲ್ಲ.

ಆಮೇಲೆ ಅದೇ ಪೇದೆ ಎಲ್ಲರಿಗೂ ಪ್ರಸಾದ ಹಂಚಿದರು. ನನ್ನ ಹತ್ತಿರ ಬಂದಾಗ ಕುಂಕುಮದ ಬಟ್ಟಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಮಂಡಕ್ಕಿ ಮಾತ್ರ ಕೊಟ್ಟರು.

ಅಂತೂ ಗುದ್ದಿದ ಲಾರಿ ಇನ್ನೂ ಮುತ್ತೈದೆ.