ಸ್ವಿಚ್ಚು ಹಾಕಿದ ಕೈ

ಲೈನ್‌ಮನ್ನೊಬ್ಬ ಕಂಬದ ಮೇಲೆಯೇ ತೀರಿಕೊಂಡನೆಂಬ ಸುದ್ದಿ ವಿದ್ಯುತ್ ಉಪಕೇಂದ್ರಕ್ಕೆ ಮುಟ್ಟಿದಾಗ, ಆ ಲೈನಿಗೆ ಕರೆಂಟು ಬಿಟ್ಟಿದ್ದ ಹಿರಿಯ ಆಪರೇಟರು ಇನ್ನೂ ಸ್ವಿಚ್ಚಿನ ಮುಂದೆಯೇ ನಿಂತಿದ್ದರು. ಅವರೀಗ ನಿವೃತ್ತರಾಗುತ್ತಿದ್ದಾರೆ. ತಮ್ಮ ಈ ಅಭಿನಂದನ ಗ್ರಂಥದಲ್ಲಿ ಆ ದಿನವನ್ನು ಬಿಡಬಾರದೆಂದು ಅವರೇ ಕೇಳಿಕೊಂಡಿದ್ದಾರೆ.

ಅಲ್ಲಿಯವರೆಗೆ ಇಡೀ ಇಲಾಖೆಗೆ ಅವರು ‘ಎಚ್ಚರದಣ್ಣ’. ಲೈನಿನ ಮೇಲೆ ಕೆಲಸಕ್ಕೆ ಹೋದ ಪ್ರತಿ ತಂಡವೂ ಕೆಳಗಿಳಿದು ‘ಮುಗಿಯಿತು’ ಎಂದು ತಿಳಿಸುವ ತನಕ ಕರೆಂಟು ಬಿಡಬಾರದೆಂಬ ನಿಯಮವನ್ನು ಅವರಷ್ಟು ನಿಷ್ಠೆಯಿಂದ ಕಾಯ್ದವರು ವಿರಳ. ಹೊಸಬರ ಕೈಗವಸುಗಳನ್ನು ತಾವೇ ಪರೀಕ್ಷಿಸಿ ಕೊಡುವರು. ಜ್ವರ ಬಂದವನನ್ನು ಕಂಬ ಹತ್ತಿಸಲು ಅಧಿಕಾರಿ ಗದರಿದರೂ ಬಿಡರು.

ಅಂದು ಒಂದೇ ಲೈನಿನ ಎರಡು ತುದಿಯಲ್ಲಿ ಎರಡು ತಂಡಗಳಿದ್ದವು. ಒಂದು ತಂಡ ಮುಗಿಯಿತೆಂದು ಫೋನು ಮಾಡಿತು. ಇನ್ನೊಂದರಲ್ಲಿದ್ದವನು ಅವರೇ ಪಳಗಿಸಿದ ಯುವಕ, ಯಾವಾಗಲೂ ಎಲ್ಲರಿಗಿಂತ ಮೊದಲು ಇಳಿಯುವವನು. ಈ ತಂಡದವರೇ ಮುಗಿಸಿದ ಮೇಲೆ ಅವನಿನ್ನೂ ಮೇಲಿರುತ್ತಾನೆಯೇ ಎಂದುಕೊಂಡು, ಅವನ ಮಾತಿಗೆ ಕಾಯದೆ ಕರೆಂಟು ಬಿಟ್ಟರು. ಶಿಷ್ಯನ ಮೇಲಿನ ಹೆಮ್ಮೆಯೇ ಶಿಷ್ಯನಿಗೆ ಮುಳುವಾಯಿತು.

ಸತ್ತವನ ತಂದೆಯೂ ಅದೇ ಇಲಾಖೆಯಲ್ಲಿ ಕಂಬ ಹತ್ತಿ ಮುದುಕರಾದವರು. ಮರುದಿನ ಎಚ್ಚರದಣ್ಣ ಬಾಗಿಲಲ್ಲಿ ನಿಂತದ್ದನ್ನು ಕಂಡು ಅವರ ಮೈ ಉರಿಯಿತು.

“ಅಣ್ಣಾ, ನಾನು ಕೊಲೆಗಾರ. ಇವತ್ತೇ ರಾಜೀನಾಮೆ ಕೊಡ್ತೀನಿ. ನಂಗೆ ಬದುಕೋ ಯೋಗ್ಯತೆ ಇಲ್ಲ!”

“ಸುಮ್ನಿರಯ್ಯ,” ಎಂದರು ತಂದೆ. “ನೀನು ಹೀಗೆ ಗೋಳಾಡಿದ್ರೆ ನಿನ್ನ ಸಮಾಧಾನ ಮಾಡೋ ಕೆಲಸಾನೂ ನನ್ನ ತಲೆಗೇ ಬರುತ್ತೆ. ಮಗನ್ನ ಕಳ್ಕೊಂಡೋನು ನಾನು. ಏನಾಯ್ತು, ಅದನ್ನ ಹೇಳು.”

ಎಚ್ಚರದಣ್ಣ ಕಣ್ಣೊರೆಸಿಕೊಂಡು ನಡೆದದ್ದನ್ನು ನಡೆದಂತೆಯೇ ಹೇಳಿದರು. ತಪ್ಪನ್ನು ಫೋನಿನ ಮೇಲೂ ಹಾಕಲಿಲ್ಲ, ಹಣೆಬರಹದ ಮೇಲೂ ಹಾಕಲಿಲ್ಲ.

“ಹಾಗಾದ್ರೆ ಎಚ್ಚರದ ಮನುಷ್ಯ ಅಂತಿದ್ದಿದ್ದೆಲ್ಲ ಬರೀ ಬೊಗಳೆ?”

“ಬೊಗಳೆ ಅಲ್ಲ ಅಣ್ಣಾ. ಇಷ್ಟು ವರ್ಷ ಕಾದೋನೂ ನಾನೇ. ನಿನ್ನೆ ಕಾಯದೇ ಹೋದೋನೂ ನಾನೇ. ಒಂದನ್ನ ತೋರ್ಸಿ ಇನ್ನೊಂದನ್ನ ಮುಚ್ಚಿಡೋಕಾಗಲ್ಲ.”

“ಮತ್ತೆ ರಾಜೀನಾಮೆ ಕೊಟ್ಟು ಎಲ್ಲಿಗೆ ಓಡ್ತೀಯ? ನಿನ್ನ ಜಾಗಕ್ಕೆ ಬರೋನಿಗೆ ಇದನ್ನ ಯಾರು ಹೇಳ್ತಾರೆ?”

ತಂದೆ ಕ್ಷಮಿಸಲಿಲ್ಲ, ಕೂರೆಂದೂ ಹೇಳಲಿಲ್ಲ. ಎಚ್ಚರದಣ್ಣ ಕೆಲಸಕ್ಕೆ ಮರಳಿದರು.

ಸತ್ತವನೇ ನಿಯಮ ಮುರಿದನೆಂದು ಹೇಳಿಸಲು ಮೇಲಿನವರು ಹವಣಿಸಿದಾಗ, ಇವರು ವಿಚಾರಣೆಯಲ್ಲಿ ತಮ್ಮ ತಪ್ಪನ್ನೇ ಹೇಳಿದರು. ಬಡ್ತಿ ನಿಂತೇಹೋಯಿತು. ಆಮೇಲೆ ಬಂದ ಹೊಸಬರಿಗೆಲ್ಲ ಮೊದಲ ಪಾಠ ಆ ಸ್ವಿಚ್ಚಿನ ಮುಂದೆ, ಆ ಮಧ್ಯಾಹ್ನದ್ದೇ. “ಏನು ಎಚ್ಚರದಣ್ಣ, ಇವತ್ತಾದ್ರೂ ಎಚ್ಚರ ಇದೆಯಾ?” ಎಂದು ಒಬ್ಬ ಕುಟುಕಿದಾಗ, “ಇದೆಯಪ್ಪ. ಆದ್ರೂ ನೀನೊಂದ್ಸಲ ನೋಡ್ಬಿಡು,” ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅಂದಿನಿಂದ ಅಲ್ಲಿ ಎಲ್ಲ ತಂಡವೂ ಇಳಿದಿದೆಯೇ ಎಂದು ಇಬ್ಬರು ನೋಡದೆ ಕರೆಂಟು ಬಿಡುವುದಿಲ್ಲ.

ಎಚ್ಚರದಣ್ಣನಿಗೆ ದೇವರು ದೀರ್ಘಾಯುಷ್ಯ ಕೊಡಲಿ. ಕಲಿಸುವ ಕೆಲಸಕ್ಕೆ ನಿವೃತ್ತಿಯಿಲ್ಲ, ಅದು ಮುಂದುವರಿಯಲಿ. ಆ ವೃದ್ಧ ತಂದೆ ಕ್ಷಮಿಸಿದೆನೆಂದು ಇಂದಿಗೂ ಹೇಳಿಲ್ಲ. ಆದರೆ ದಿನವೂ ದೇವರ ಮುಂದೆ ಕುಳಿತಾಗ ಮಗನ ಜೊತೆಗೆ ಇವರನ್ನೂ ನೆನೆಯುತ್ತಾರೆ. ಭಗವಂತ, ಇದ್ದವರನ್ನು ಸರಿದಾರಿಯಲ್ಲಿ ನಡೆಸು. ಹೋದ ಮಗುವನ್ನು ನಿನ್ನ ಪಾದದಲ್ಲಿಟ್ಟುಕೊಂಡು ಶಾಂತಿ ಕೊಡು.